ಆಟಗಾರ ಬಾಯಿಬಿಡುವ ಮೊದಲೇ ಕ್ಲಬ್ ಮುಗಿಸಿರಬೇಕಾದ ಕೆಲಸ

ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಯೋಗಕ್ಷೇಮ ನೋಡಿಕೊಳ್ಳುವವರಿಗೆ ಪದೇ ಪದೇ ಎದುರಾಗುವ ಪ್ರಶ್ನೆ: "ನಮ್ಮ ತಂಡದಲ್ಲಿ ಯಾರಾದರೂ ಗೇ ಇದ್ದಾರಾ?" ಈ ಪ್ರಶ್ನೆಯನ್ನು ನಾವು ಕೇಳಬಾರದು, ಬೇರೆಯವರು ಕೇಳಿದರೆ ಉತ್ತರಿಸಲೂಬಾರದು. ಇದ್ದಾರೆ ಎಂದುಕೊಂಡೇ ಕೆಲಸ ಮಾಡಬೇಕು. ಹೇಳುವುದೋ ಬಿಡುವುದೋ, ಹೇಳಿದರೆ ಯಾವಾಗ, ಅದೆಲ್ಲ ಆಟಗಾರನಿಗೆ ಬಿಟ್ಟದ್ದು. ಹೇಳಿದ ದಿನ ಕ್ಲಬ್ ತಡಬಡಾಯಿಸದಂತೆ ನೋಡಿಕೊಳ್ಳುವುದು ನಮ್ಮ ಪಾಲಿನದು.

ಸಿದ್ಧತೆ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಆಟಗಾರ ಜಸ್ಟಿನ್ ಫಶಾನು ಅವರ ಬದುಕೇ ಸಾಕ್ಷಿ. 1981ರಲ್ಲಿ ಹತ್ತು ಲಕ್ಷ ಪೌಂಡ್‌ಗೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದ ಪ್ರತಿಭೆ ಅವರು. 1990ರಲ್ಲಿ ಪತ್ರಿಕೆಯೊಂದರ ಮೂಲಕ ತಾವು ಗೇ ಎಂದು ಹೇಳಿಕೊಂಡಾಗ ಸ್ವಂತ ತಮ್ಮನೇ ಬಹಿರಂಗವಾಗಿ ದೂರವಾದರು. 1998ರಲ್ಲಿ, 37ನೇ ವಯಸ್ಸಿನಲ್ಲಿ, ಫಶಾನು ತಮ್ಮ ಪ್ರಾಣ ತಾವೇ ಕಳೆದುಕೊಂಡರು. ಬ್ರಿಟನ್ನಿನಲ್ಲಿ ಇನ್ನೂ ಆಡುತ್ತಿರುವ ಪುರುಷ ವೃತ್ತಿಪರ ಆಟಗಾರನೊಬ್ಬ ಮತ್ತೆ ಹೀಗೆ ಹೇಳಿಕೊಂಡದ್ದು 2022ರಲ್ಲಿ. ಬ್ಲ್ಯಾಕ್‌ಪೂಲ್ ತಂಡದ ಜೇಕ್ ಡೇನಿಯಲ್ಸ್, ಆಗ ಹದಿನೇಳು ವರ್ಷ. ನಡುವೆ ಮೂವತ್ತೆರಡು ವರ್ಷಗಳ ಮೌನ. ಆ ಮೌನವನ್ನು ಆಟಗಾರರ ಅಂಜುಬುರುಕುತನ ಎಂದು ಓದುವುದು ತಪ್ಪು. ಅದು ಕೆಲಸದ ಜಾಗದ ದೋಷ.

ಮೊದಲು ಕಾಗದಪತ್ರ. ಯುರೋಪಿನ ದತ್ತಾಂಶ ರಕ್ಷಣಾ ನಿಯಮದ 9ನೇ ವಿಧಿಯಲ್ಲಿ ಲೈಂಗಿಕ ಒಲವು ವಿಶೇಷ ರಕ್ಷಣೆಯ ಮಾಹಿತಿ. ಆಟಗಾರ ಹೇಳಿಕೊಂಡ ವಿಷಯ ವೈದ್ಯಕೀಯ ಕಡತಕ್ಕಾಗಲಿ, ವರ್ಗಾವಣೆ ಕಡತಕ್ಕಾಗಲಿ, ಕೋಚ್‌ಗಳ ವಾಟ್ಸ್ಆ್ಯಪ್ ಗುಂಪಿಗಾಗಲಿ ಹೋಗಬಾರದು. ಸೋರಿಕೆ ಆಗುವುದು ಹೆಚ್ಚಾಗಿ ದ್ವೇಷದಿಂದಲ್ಲ, ಒಳ್ಳೆಯ ಉದ್ದೇಶದಿಂದಲೇ. "ಅವನಿಗೆ ಸಹಾಯ ಆಗಲಿ ಅಂತ ಹೇಳಿದೆ" ಎಂದು ಫಿಸಿಯೋ ಕೋಚ್‌ಗೆ ಹೇಳುತ್ತಾರೆ, ಕೋಚ್ ಏಜೆಂಟ್‌ಗೆ ಹೇಳುತ್ತಾರೆ. ಮೂರನೇ ಕಿವಿ ತಲುಪಿದ ಮೇಲೆ ಅದು ಅವನ ಸುದ್ದಿಯಾಗಿ ಉಳಿಯುವುದಿಲ್ಲ. ಯಾರಿಗೆ ಗೊತ್ತಿರಬೇಕು ಎಂಬುದನ್ನು ಆಟಗಾರನ ಬಾಯಿಂದಲೇ, ಹೆಸರು ಹಿಡಿದು ಕೇಳಿಕೊಳ್ಳಿ. ಆ ಪಟ್ಟಿಗೆ ಕ್ಲಬ್ ತಾನಾಗಿ ಒಂದು ಹೆಸರನ್ನೂ ಸೇರಿಸಬಾರದು.

ಹೇಳಿಕೊಳ್ಳಲು ಅವನು ನಿರ್ಧರಿಸಿದರೆ ಮುಖ್ಯವಾದದ್ದು ಅನುಕ್ರಮ: ಮನೆಯವರು, ಕ್ಯಾಪ್ಟನ್, ಸಹ ಆಟಗಾರರು, ಸಿಬ್ಬಂದಿ, ಆಮೇಲೆ ಪ್ರಾಯೋಜಕರು, ಕೊನೆಗೆ ಜಗತ್ತು. ಪ್ರಾಯೋಜಕರಿಗೆ ಮೊದಲು ತಿಳಿದು ಡ್ರೆಸ್ಸಿಂಗ್ ರೂಮಿಗೆ ಫೋನಿನಿಂದ ತಿಳಿಯುವಂತಾದರೆ ಪಕ್ಕದ ಕುರ್ಚಿಯಲ್ಲಿ ಕೂರುವವನಿಗೆ ನೋವಾಗುತ್ತದೆ. ಆ ನೋವು ಬೇಗ ಮುನಿಸಾಗುತ್ತದೆ. ಡೇನಿಯಲ್ಸ್ ಮೊದಲು ಹೇಳಿದ್ದು ಅಮ್ಮನಿಗೂ ಸಹೋದರಿಗೂ. ಮರುದಿನದ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದರು. ಭಾರ ಇಳಿದ ಕಾಲು ಹೇಗೆ ಓಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ಬೇಕೆ?

ದಿನದ ಆಯ್ಕೆಯೂ ಕೆಲಸದ ಭಾಗವೇ. ಡೇನಿಯಲ್ಸ್ 2022ರ ಮೇ 16ರಂದು ಹೇಳಿದಾಗ ಅವರ ಲೀಗ್ ಋತು ಮುಗಿದಿತ್ತು. ಅಡಿಲೇಡ್ ಯುನೈಟೆಡ್‌ನ ಜೋಶ್ ಕವಾಲೊ 2021ರ ಅಕ್ಟೋಬರ್ 27ರಂದು ಹೇಳಿದಾಗ ಆಸ್ಟ್ರೇಲಿಯಾದ ಲೀಗ್ ಇನ್ನೂ ಶುರುವಾಗಿರಲಿಲ್ಲ. ಹೀಗೆ ಬಿಡುವು ಸಿಕ್ಕರೆ ಅಭಿನಂದನೆ, ಬೈಗುಳ, ಸಂದರ್ಶನದ ಕೋರಿಕೆಗಳ ಮೊದಲ ಅಲೆ ಪಂದ್ಯವಿಲ್ಲದ ದಿನಗಳಲ್ಲೇ ಇಳಿದುಹೋಗುತ್ತದೆ. ಋತುವಿನ ನಡುವೆ ಹೇಳಲೇಬಾರದು ಎಂದಲ್ಲ. ಜೆಕ್ ಆಟಗಾರ ಯಾಕುಬ್ ಯಾಂಕ್ಟೊ 2023ರ ಫೆಬ್ರವರಿಯಲ್ಲಿ ಹೇಳಿ, ಆ ಬೇಸಿಗೆಯಲ್ಲೇ ಇಟಲಿಯ ಕಾಲ್ಯಾರಿ ಸೇರಿದರು. ಆದರೆ ಆಗ ಮೊದಲ ಹೊರಊರಿನ ಪಂದ್ಯಕ್ಕೆ ಮುಂಚೆಯೇ ಭದ್ರತಾ ತಂಡ ಸಜ್ಜಾಗಿರಬೇಕು. ಆಟಗಾರನ ಸಾಮಾಜಿಕ ಜಾಲತಾಣದ ಖಾತೆಯನ್ನು, ಹೇಳಿಕೊಂಡ ಮೇಲಿನ ಮೊದಲ ಎರಡು ವಾರ, ಅವನ ಒಪ್ಪಿಗೆಯ ಮೇಲೆ ಇನ್ನೊಬ್ಬರು ನೋಡಿಕೊಳ್ಳಲಿ. ಬೆದರಿಕೆಗಳನ್ನು ಅಳಿಸುವ ಮೊದಲು ಸ್ಕ್ರೀನ್‌ಶಾಟ್, ಸಮಯ, ಖಾತೆಯ ಹೆಸರು ಮೂರನ್ನೂ ತೆಗೆದಿಡಿ. ಸಿಟ್ಟಿನಲ್ಲಿ ಮೊದಲೇ ಅಳಿಸಿಬಿಟ್ಟರೆ ಪೊಲೀಸರಿಗೆ ಕೊಡಲು ಪುರಾವೆ ಇರುವುದಿಲ್ಲ.

ಸ್ವಾಗತದ ಪೋಸ್ಟ್ ಹಾಕುವುದು ಸುಲಭ, ಸ್ಟ್ಯಾಂಡಿನಿಂದ ಬರುವ ಕೂಗನ್ನು ನಿಲ್ಲಿಸುವುದು ಕಷ್ಟ. 2022ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಕವಾಲೊ ಅವರನ್ನು ಪ್ರೇಕ್ಷಕರು ಹೀನಾಯವಾಗಿ ಬೈದರು. ಜಗತ್ತೆಲ್ಲ ಬೆನ್ನು ತಟ್ಟಿ ಮೂರು ತಿಂಗಳೂ ಆಗಿರಲಿಲ್ಲ. ಇಂಥ ಹೊತ್ತಿಗೆ ಫಿಫಾದ ಮೂರು ಹಂತಗಳ ಕ್ರಮವಿದೆ. ರೆಫರಿ ಮೊದಲು ಆಟ ನಿಲ್ಲಿಸಿ ಧ್ವನಿವರ್ಧಕದಲ್ಲಿ ಎಚ್ಚರಿಕೆ ಕೊಡಿಸುತ್ತಾರೆ. ಆಮೇಲೂ ನಿಲ್ಲದಿದ್ದರೆ ತಂಡಗಳನ್ನು ಒಳಗೆ ಕಳಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಪಂದ್ಯವನ್ನೇ ರದ್ದು ಮಾಡುತ್ತಾರೆ. ಇದು ಕೈಕೊಡುವುದು ಮೊದಲ ಹಂತದಲ್ಲೇ, ಏಕೆಂದರೆ ಮೈದಾನದ ಗದ್ದಲದಲ್ಲಿ ಯಾವ ಮೂಲೆಯಿಂದ ಏನು ಕೂಗಿದರು ಎಂಬುದು ರೆಫರಿಗೆ ಕೇಳಿಸಿರುವುದಿಲ್ಲ. ಹಾಗಾಗಿ ಸ್ಟ್ಯಾಂಡಿನ ಸಿಬ್ಬಂದಿಯಿಂದ ಭದ್ರತಾ ಕೊಠಡಿಗೆ, ಅಲ್ಲಿಂದ ನಾಲ್ಕನೇ ರೆಫರಿಗೆ ಮಾತು ತಲುಪುವ ದಾರಿಯನ್ನು ಪಂದ್ಯದ ಹಿಂದಿನ ದಿನವೇ ನಿಗದಿ ಮಾಡಿ, ಒಮ್ಮೆ ಪರೀಕ್ಷಿಸಿ. ಕ್ಯಾಪ್ಟನ್‌ಗೂ ತಿಳಿಸಿರಿ: ದೂರು ಕೊಡುವ ಹೊಣೆ ಅವನದು, ಬೈಸಿಕೊಂಡ ಆಟಗಾರನದಲ್ಲ.

ಬೈಗುಳ ಎದುರಾಳಿ ಆಟಗಾರನ ಬಾಯಿಂದ ಬಂದರೆ ಭಾಷೆಯೂ ತೊಡಕಾಗಬಹುದು. 2020ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಲಾಯಲ್ ತಂಡದ ಕಾಲಿನ್ ಮಾರ್ಟಿನ್ ಅವರ ವಿಷಯದಲ್ಲಿ ಕೇಳಿಬಂದದ್ದು ಜಮೈಕಾದ ಆಡುನುಡಿಯ ಬೈಗುಳ. ತಂಡ 3-1ರಿಂದ ಮುಂದಿತ್ತು. ಕೋಚ್ ಲ್ಯಾಂಡನ್ ಡೊನೊವನ್ ಮತ್ತು ಆಟಗಾರರು ಮೈದಾನ ಬಿಟ್ಟು ಹೊರಟರು, ಪಂದ್ಯವನ್ನೇ ಬಿಟ್ಟುಕೊಟ್ಟರು. ಆ ನಿರ್ಧಾರಕ್ಕೆ ನಮ್ಮ ಗೌರವ ಸಲ್ಲಲೇಬೇಕು. ಆದರೂ ನೊಂದ ತಂಡವೇ ಅಂಕ ಕಳೆದುಕೊಳ್ಳುವ ಸ್ಥಿತಿ ಬರಬಾರದು. ಲೀಗ್‌ನಲ್ಲಿ ಆಡುವವರ ಭಾಷೆಗಳಲ್ಲಿ ಇಂಥ ಪದಗಳೇನಿವೆ ಎಂಬ ಒಂದು ಹಾಳೆ ರೆಫರಿಗಳ ಬಳಿ ಇರಲಿ.

ಧರ್ಮದ ಕಾರಣಕ್ಕೆ ಒಪ್ಪದ ಸಹ ಆಟಗಾರ ಇದ್ದರೆ? ಅವನ ನಂಬಿಕೆ ಬದಲಿಸುವುದು ಕ್ಲಬ್ಬಿನ ಕೆಲಸವಲ್ಲ, ಬೆಂಬಲದ ಗುರುತಾಗಿ ತೋಳಿಗೆ ಕಾಮನಬಿಲ್ಲಿನ ಬಣ್ಣದ ಪಟ್ಟಿ ಕಟ್ಟಿಕೋ ಎಂದು ಒತ್ತಾಯಿಸುವುದರಿಂದಲೂ ಫಲವಿಲ್ಲ. ನಡವಳಿಕೆಯಲ್ಲಿ ಮಾತ್ರ ರಿಯಾಯಿತಿ ಬೇಡ. ಚೆಂಡು ಪಾಸ್ ಮಾಡಬೇಕು, ಕೈ ಕುಲುಕಬೇಕು, ಅಣಕ ಕೂಡದು. ಇದನ್ನು ಋತುವಿನ ಮೊದಲ ವಾರ ಎಲ್ಲರಿಗೂ ಒಟ್ಟಿಗೆ ಹೇಳಿ. ಒಬ್ಬ ಹೇಳಿಕೊಂಡ ಮೇಲೆ ಹೇಳಿದರೆ ಅವನಿಗಾಗಿಯೇ ನಿಯಮ ಮಾಡಿದಂತಾಗುತ್ತದೆ.

ಮಹಿಳಾ ಫುಟ್‌ಬಾಲ್ ಈ ದಾರಿಯಲ್ಲಿ ಬಹಳ ಮುಂದೆ ಬಂದಿದೆ. ಅಮೆರಿಕದ ಮೇಗನ್ ರಪಿನೊ 2012ರಲ್ಲೇ ಹೇಳಿಕೊಂಡವರು, 2019ರ ವಿಶ್ವಕಪ್‌ನಲ್ಲಿ ಶ್ರೇಷ್ಠ ಆಟಗಾರ್ತಿಗೆ ಕೊಡುವ ಗೋಲ್ಡನ್ ಬಾಲ್ ಗೆದ್ದರು. ಅಲ್ಲಿ ಹಲವರು ಇರುವುದರಿಂದ "ಮೊದಲಿಗಳು" ಎಂಬ ಹೊರೆ ಯಾರೊಬ್ಬರ ತಲೆಯ ಮೇಲೂ ಇಲ್ಲ. ಪುರುಷರ ತಂಡದಲ್ಲಿ ಆ ಹೊರೆ ಹೊತ್ತವನನ್ನು ಪ್ರತಿ ಸಂದರ್ಶನಕ್ಕೂ, ಪ್ರತಿ ಅಭಿಯಾನಕ್ಕೂ ಎಳೆಯುವ ಅಭ್ಯಾಸವಿದೆ. ಬೇಡ ಎನ್ನುವ ಹಕ್ಕು ಅವನಿಗೆ ಇದೆ ಎಂದು ಮಾಧ್ಯಮ ವಿಭಾಗಕ್ಕೆ ಲಿಖಿತವಾಗಿ ಕೊಡಿ. ಸಲಿಂಗ ಸಂಬಂಧ ಅಪರಾಧವಾಗಿರುವ ದೇಶಕ್ಕೆ ಪ್ರವಾಸ ಗೊತ್ತುಮಾಡುವಾಗಲೂ ಹಾಗೆಯೇ: ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಅವನನ್ನು ಕೇಳಿ, ಬರುವುದಿಲ್ಲ ಎಂದರೆ ಕಾರಣ ಕೇಳದೆ ವಿಶ್ರಾಂತಿ ಪಟ್ಟಿಯಲ್ಲಿ ಇನ್ನಿಬ್ಬರು ಮೂವರ ಜೊತೆ ಅವನ ಹೆಸರನ್ನೂ ಹಾಕಿ.