ಹೌದು, ನಾನು ಮನೆಯಲ್ಲೇ ಇರುದು

"ನೀನು ಮನೆಯಲ್ಲೇ ಅಲ್ವಾ?"

ಮದುವೆ ಹಾಲಿನಲ್ಲಿ, ಸಿಟಿ ಬಸ್ಸಿನಲ್ಲಿ, ಮೀನು ಮಾರ್ಕೆಟಿನಲ್ಲಿ, ಎಲ್ಲಿ ಸಿಕ್ಕಿದ್ರೂ ಇದೇ. ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು, ಒಮ್ಮೆ ಬರೆದೇ ಬಿಡ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುದು. ಹೌದು, ಉಡುಪಿಯಲ್ಲಿ, ನಮ್ಮ ಮನೆಯಲ್ಲೇ. ಫ್ರೀಲ್ಯಾನ್ಸ್ ಪ್ಯಾರಾಲೀಗಲ್, ಅಂದ್ರೆ ಲಾಯರುಗಳಿಗೆ ಕೇಸಿನ ಕಾಗದ ತಯಾರು ಮಾಡಿ ಕೊಡುದು.

ಲಾಯರಾ ಅಂದ್ರೆ ಅಲ್ಲ. 1961ರ ಅಡ್ವೊಕೇಟ್ಸ್ ಆಕ್ಟ್ ಪ್ರಕಾರ ಬಾರ್ ಕೌನ್ಸಿಲ್‌ನಲ್ಲಿ ಎನ್‌ರೋಲ್ ಆದವರೇ ವಕೀಲಿಕೆ ಮಾಡ್ಬೇಕು, ನಾನು ವಕಾಲತ್ತು ಹಾಕುವ ಹಾಗಿಲ್ಲ, ಹಾಗಾಗಿ ನಿಮ್ಮ ಭಾವನ ಕಂಪೌಂಡ್ ಗೋಡೆಯ ವಿಷಯ ದಯವಿಟ್ಟು ನನ್ನ ಹತ್ರ ಬೇಡ. ಗುಮಾಸ್ತೆಯಾ ಅಂದ್ರೆ ಅದೂ ಅಲ್ಲ. ಅಪೀಲು ಹಾಕುವ ಮೊದಲು ಯಾರಾದ್ರೂ ಆ ಕಾಗದದ ಕಟ್ಟು ಪೂರ್ತಿ ಓದ್ಬೇಕಲ್ಲ, ತಾರೀಕು ಪಟ್ಟಿ ಮಾಡ್ಬೇಕು, ಪುಟಕ್ಕೆ ನಂಬ್ರ ಹಾಕ್ಬೇಕು, ಹಳೆ ಕನ್ನಡ ದಸ್ತಾವೇಜನ್ನು ಇಂಗ್ಲಿಷಿಗೆ ಮಾಡ್ಬೇಕು. ಆ ಯಾರಾದ್ರೂ ನಾನು. ಹೈಕೋರ್ಟಿನ ಪೀಠ ಧಾರವಾಡದಲ್ಲುಂಟು, ಕಲಬುರಗಿಯಲ್ಲುಂಟು, ನಮಗಿಲ್ಲ, ಹಾಗಾಗಿ ಉಡುಪಿ, ಮಂಗಳೂರು ಕಡೆಯ ಜಾಗದ ಜಗಳವೆಲ್ಲ ಘಟ್ಟ ಹತ್ತಿ ಬೆಂಗಳೂರಿಗೇ ಹೋಗುದು. ಹೋಗುವ ಮೊದಲು ಪಿಡಿಎಫ್ ಆಗಿ ನನ್ನ ಊಟದ ಟೇಬಲ್ಲಿಗೆ ಬರ್ತದೆ.

ಸಿಟ್ಟು ಬರುದು ಕೆಲಸ ಗೊತ್ತಿಲ್ಲ ಅಂತ ಅಲ್ಲ. ಆ "ಏ" ಉಂಟಲ್ಲ, ಅದಕ್ಕೆ. "ಮನೆಯಲ್ಲಿ ಕೆಲಸವಾ" ಅಂದ್ರೆ ಪ್ರಶ್ನೆ. "ಮನೆಯಲ್ಲೇ ಅಲ್ವಾ" ಅಂದ್ರೆ ಹಿಂದಿನಿಂದ ಒಂದು ಚಾಕರಿ ಬರ್ಲಿಕ್ಕುಂಟು ಅಂತ ಲೆಕ್ಕ. ಗ್ಯಾಸಿನವ ಬಂದ್ರೆ ಸಿಲಿಂಡರ್ ತಕೊ, ಕೊರಿಯರ್ ಇಟ್ಕೊ, ಮಗು ಶಾಲೆಯಿಂದ ಬಂದ್ರೆ ಕೀ ಕೊಡು.

ಹೋದ ಏಪ್ರಿಲಿನಲ್ಲಿ ಪಕ್ಕದ ಮನೆ ಅಕ್ಕ ಟೆರೇಸಿನಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗ್ಲಿಕ್ಕೆ ಇಟ್ರು. "ನೀನು ಮನೆಯಲ್ಲೇ ಅಲ್ವಾ, ಸ್ವಲ್ಪ ಕಾಗೆ ನೋಡ್ತಿರು ಮಾರಾಯ್ತಿ, ಒಂದು ಗಂಟೆಯಲ್ಲಿ ಬಂದೆ" ಅಂತ ಹೇಳಿ ಹೋದವರು ಬಂದದ್ದು ಸಂಜೆ. ಅವತ್ತೇ ನನ್ನ ಕೈಯಲ್ಲಿ ಒಂದು ಪಾಲಿನ ಕೇಸಿನ ವಿಭಾಗಪತ್ರ. ಡಿಕ್ರಿ ಆದ ಮೇಲೆ ಹೈಕೋರ್ಟಿಗೆ ಅಪೀಲು ಹೋಗ್ಲಿಕ್ಕೆ 90 ದಿನ ಉಂಟು, ಆದ್ರೆ ಅದು ಲಾಯರಿಗೆ, ನನ್ನ ಹತ್ರ ಬಂದು ಮುಟ್ಟುವಾಗ 4 ದಿನ ಉಳಿದಿರ್ತದೆ. ಕೈಬರಹದ ಪತ್ರ, ಫೋಟೊಕಾಪಿಯ ಫೋಟೊಕಾಪಿ, ಅಂಕಿಗಳೆಲ್ಲ ಕನ್ನಡದಲ್ಲಿ. ಹಳಬರ ಕೈಬರಹದಲ್ಲಿ ೬ ಯಾವುದು ೯ ಯಾವುದು ಅಂತ ಗೊತ್ತಾಗ್ಬೇಕಾದ್ರೆ ಬಾಲ ಯಾವ ಕಡೆ ತಿರುಗಿದೆ ಅಂತ ದೊಡ್ಡದು ಮಾಡಿ ನೋಡ್ಬೇಕು, ಆ ಬಾಲ ನೋಡ್ತಿರುವಾಗ್ಲೇ ಮೇಲೆ ಕಾಗೆ. ಓಡು, ಹುಶ್ ಅನ್ನು, ಇಳಿ, ಕೂತ್ಕೊ, ಯಾವ ಸಾಲಿನಲ್ಲಿದ್ದೆ ಅಂತ ಹುಡುಕು, ಮತ್ತೆ ಕಾಗೆ.

ರಾತ್ರಿ ಲಾಯರ ಫೋನು. ಕೆಳಗಿನ ಕೋರ್ಟಿನ ಜಡ್ಜ್‌ಮೆಂಟಿನಲ್ಲಿ 39 ಸೆಂಟ್ಸ್ ಉಂಟು, ನೀವು 36 ಹಾಕಿದ್ದೀರಿ, ಯಾವುದು ಸರಿ ಮೇಡಂ? ಮೂರು ಸೆಂಟ್ಸ್ ಅಂದ್ರೆ ನಮ್ಮೂರಲ್ಲಿ ಮನೆ ಕಟ್ಟುವ ಜಾಗ ಮಾರ್ರೆ, ಅಣ್ಣತಮ್ಮ ಮಾತು ಬಿಡ್ಲಿಕ್ಕೆ ಅರ್ಧ ಸೆಂಟ್ಸ್ ಧಾರಾಳ ಸಾಕು. ತಪ್ಪು ನನ್ನದೇ. ಕಾಗೆ ಬಂದಿತ್ತು ಅಂತ ಹೇಳ್ಲಿಕ್ಕೆ ಆಗ್ತದಾ? "ಸಾರಿ ಸರ್" ಅಂದೆ, ರಾತ್ರಿ ಎರಡರವರೆಗೆ ಕೂತು ಮೊದಲ ಪುಟದಿಂದ ಎಲ್ಲ ಅಂಕಿ ಮತ್ತೆ ನೋಡಿದೆ. ಇತ್ಲಾಗಿ ಅಕ್ಕನಿಗೆ ಏಳೆಂಟು ಹಪ್ಪಳ ಕಡಿಮೆ. ಅವರು ಹೇಳಿದ್ದು ಎಂತ ಗೊತ್ತುಂಟಾ? "ನೀನು ಮನೆಯಲ್ಲೇ ಇದ್ದೆಯಲ್ಲ!"

ಸಂಬಳ ಎಷ್ಟು ಅಂತ ಕೇಳ್ತಾರೆ, ಬೋರ್ ಆಗುದಿಲ್ವಾ ಅಂತ ಕೇಳ್ತಾರೆ, ಆ ಕಾಗದದಲ್ಲಿ ಎಂತ ಬರೆದಿರ್ತದೆ ಅಂತ ಈವರೆಗೆ ಒಬ್ಬರೂ ಕೇಳ್ಲಿಲ್ಲ. ಕೇಳಿದ್ರೆ ಟೀ ಮಾಡಿ ಕೂರಿಸಿ ಹೇಳ್ತಿದ್ದೆ. ಹೆಸರು, ಊರು ಬಿಟ್ಟು. 1956ರವರೆಗೆ ನಾವು ಮದ್ರಾಸಿಗೆ ಸೇರಿದ್ದವರು, ಹಾಗಾಗಿ ನಮ್ಮ ಹಳೆ ಪತ್ರದ ಭಾಷೆ ಬೆಂಗಳೂರಿನ ಜೂನಿಯರ್‌ಗಳಿಗೆ ಅರ್ಧಕ್ಕರ್ಧ ತಿಳಿಯುದಿಲ್ಲ. ಮೂಲಗೇಣಿ ಅಂದ್ರೆ ಎಂತ ಮೇಡಂ? (ಕಾಯಂ ಗೇಣಿ.) ಕುಮ್ಕಿ ಅಂದ್ರೆ ಯಾರ ಜಾಗ? (ಸರಕಾರದ್ದು, ಆದ್ರೆ ಪಕ್ಕದ ವರ್ಗದವನಿಗೆ, ಅಂದ್ರೆ ಪಕ್ಕದ ಪಟ್ಟಾ ಜಾಗದವನಿಗೆ, ಸೊಪ್ಪು ಸೌದೆಯ ಹಕ್ಕು. ಇದನ್ನು ಇಂಗ್ಲಿಷಿನಲ್ಲಿ ಒಂದು ಶಬ್ದದಲ್ಲಿ ಹೇಳಿ ನೋಡುವ.) ಒಬ್ಬ ಹುಡುಗ "ಕವರು" ಅಂತ ಇದ್ದದ್ದನ್ನು ಲಕೋಟೆ ಅಂತ ತಿಳ್ಕೊಂಡು ಆ ಲಕೋಟೆ ಫೈಲಿನಲ್ಲಿ ಇಲ್ವಲ್ಲ ಅಂತ ಹುಡುಕಿದ. ಅದು ಅಳಿಯಸಂತಾನದ (ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಕಟ್ಟು) ಕವರು, ಒಬ್ಬಳು ಹೆಂಗಸು, ಅವಳ ಮಕ್ಕಳು, ಹೆಣ್ಣುಮಕ್ಕಳ ಕಡೆಯಿಂದ ಇಳಿದು ಬಂದವರೆಲ್ಲ ಸೇರಿ ಒಂದು ಕವರು, ಪಾಲು ಆಗುವಾಗ ಕವರಿನ ಲೆಕ್ಕ.

ಮತ್ತೆ ಸಣ್ಣ ಸಣ್ಣ ಸಾಲುಗಳು. ತಂಗಿಗೆ ಜೀವ ಇರುವವರೆಗೆ ಬಾವಿಯಿಂದ ನೀರು ಸೇದುವ ಹಕ್ಕು. ಭೂತದ, ಅಂದ್ರೆ ಮನೆಯ ದೈವದ, ಕಾರ್ಯದ ಖರ್ಚು ವರ್ಷಕ್ಕೊಬ್ಬರದ್ದು. ಒಂದು ಪತ್ರದಲ್ಲಿ ಗಡಿಯ ಮೇಲಿನ ಹಲಸಿನ ಮರಕ್ಕೇ ಅರ್ಧ ಪುಟ, ಮೂಡು ಬದಿಗೆ ಬಾಗಿದ ಕೊಂಬೆಯ ಕಾಯಿ ಅಕ್ಕನಿಗೆ, ಪಡು ಬದಿಯದ್ದು ತಂಗಿಗೆ, ಬಿದ್ದ ಹಣ್ಣು ಯಾರ ಜಾಗದಲ್ಲಿ ಬಿತ್ತೋ ಅವರಿಗೆ. ಅದನ್ನು ಇಂಗ್ಲಿಷಿಗೆ ಮಾಡ್ಲಿಕ್ಕೆ ನನಗೆ ಒಂದು ಇಡೀ ಬೆಳಿಗ್ಗೆ ಬೇಕಾಯ್ತು. ಮರ ಎಲ್ಲಿ ಅಂತ ಲಾಯರ ಹತ್ರ ಕೇಳಿದೆ. ಕಡಿದು ಎಷ್ಟೋ ವರ್ಷ ಆಯ್ತಂತೆ. ಕೇಸು ಉಂಟು.