ಯಾರಿಂದ ಕೆಲಸ ಮಾಡಿಸೋದು ಸುಲಭ, ನಮ್ಮವರಿಂದಲೋ ಡಚ್ಚರಿಂದಲೋ?

ಸಾಗರದ ಮನೆಯಲ್ಲಿ ಕೂತು ನಾನು ನಡೆಸುವ ಸಾಫ್ಟ್‌ವೇರ್ ಪ್ರಾಜೆಕ್ಟಿನಲ್ಲಿ ಅರ್ಧ ಜನ ಬೆಂಗಳೂರಿನವರು, ಇನ್ನರ್ಧ ನೆದರ್‌ಲ್ಯಾಂಡ್ಸಿನವರು. ಹಾಗಾಗಿ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಈ ಪ್ರಶ್ನೆ ತಪ್ಪುವುದಿಲ್ಲ. ಕೇಳುವವರ ಮನಸ್ಸಿನಲ್ಲಿ ಉತ್ತರ ಆಗಲೇ ಇರುತ್ತದೆ: ನಮ್ಮವರು ಹೇಳಿದ್ದು ಕೇಳುತ್ತಾರೆ, ಡಚ್ಚರು ಎದುರಾಡುತ್ತಾರೆ, ಅಲ್ವಾ?

ನಾನು ಹೇಳುವುದು, ಡಚ್ಚರಿಂದಲೇ ಸುಲಭ. ಕಾರಣ ಆ ಎದುರುಮಾತೇ. ಶುಕ್ರವಾರಕ್ಕೆ ಕೆಲಸ ಮುಗಿಯುವುದಿಲ್ಲ ಅಂತ ಅವರು ಸೋಮವಾರವೇ ಎಲ್ಲರ ಮುಂದೆ ಹೇಳಿಬಿಡುತ್ತಾರೆ. ನಮ್ಮ ಹುಡುಗರು ಗುರುವಾರ ಸಂಜೆವರೆಗೂ ‘ಆಗತ್ತೆ ಸರ್’ ಅನ್ನುತ್ತಿರುತ್ತಾರೆ. ಅದು ಸುಳ್ಳಲ್ಲ. ರಾತ್ರಿಯೆಲ್ಲ ಕೂತಾದರೂ ಮುಗಿಸಿದರಾಯಿತು, ಮೇಲಿನವರಿಗೆ ಆಗಲ್ಲ ಅನ್ನುವುದು ಹೇಗೆ ಅನ್ನುವ ಲೆಕ್ಕ.

ಡಚ್ ಸಂಶೋಧಕ ಗೀರ್ಟ್ ಹಾಫ್‌ಸ್ಟೆಡ್ 1967ರಿಂದ 1973ರವರೆಗಿನ ಐಬಿಎಂ ನೌಕರರ ಸಮೀಕ್ಷೆ ಹಿಡಿದು ಇದನ್ನು ಅಳೆದರು. ಮೇಲಿನವರು, ಕೆಳಗಿನವರು ಎಂಬ ಅಂತರವನ್ನು ಜನ ಎಷ್ಟು ಸಹಜವಾಗಿ ಒಪ್ಪುತ್ತಾರೆ ಅನ್ನುವುದಕ್ಕೆ ಕೊಟ್ಟ ಅಂಕ ಭಾರತಕ್ಕೆ 77, ನೆದರ್‌ಲ್ಯಾಂಡ್ಸಿಗೆ 38. (ಒಂದೇ ಕಂಪನಿಯವರ ಸರಾಸರಿ ಇದು. ಎದುರಿಗೆ ಕೂತ ಒಬ್ಬನ ಹಣೆಗೆ ಅಂಟಿಸಬೇಡಿ.)

ಆದರೆ ಇದು ನಮ್ಮ ಹುಟ್ಟುಗುಣ ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ತೋಟಗಳನ್ನೇ ನೋಡಿ. ಮಳೆಗಾಲದ ನಡುವೆ ಅಡಿಕೆಗೆ ಕೊಳೆರೋಗ ಬಾರದಂತೆ ಎರಡನೇ ಸುತ್ತಿನ ಬೋರ್ಡೋ ದ್ರಾವಣ ಹೊಡೆಯಬೇಕು. ಮರ ಹತ್ತಿ ಹೊಡೆಯಲು ಬಂದ ಕೊನೆಗೌಡ ಮರ ಮುಟ್ಟಿ ನೋಡಿ, ‘ಜಾರ್ತದೆ ಹೆಗಡೇರೇ, ಇವತ್ತು ಹತ್ತೋದಿಲ್ಲ’ ಅಂದರೆ ಮುಗೀತು. ಕೊಳೆ ಬಂದರೆ ಫಸಲು ಉದುರುತ್ತದೆ, ಯಜಮಾನರಿಗೆ ತಲೆಬಿಸಿ. ಆದರೂ ಬೈಯುವುದಿಲ್ಲ, ಕಾಫಿ ಕೊಟ್ಟು ನಾಳೆ ಬಾ ಅನ್ನುತ್ತಾರೆ. ಜಾರಿದರೆ ಬೀಳುವವನು ಅವನು. ಮುನಿಸಿಕೊಂಡು ಹೋದರೆ ಇನ್ನೊಬ್ಬ ಸಿಗುವುದೂ ಕಷ್ಟ. ಆಫೀಸಿನಲ್ಲಿ ಹಾಗಲ್ಲ. ಆಗಲ್ಲ ಅಂತ ಕೇಳಿಸಿಕೊಂಡ ಮ್ಯಾನೇಜರೇ ಅಪ್ರೈಸಲ್ಲೂ ಬರೆಯುತ್ತಾನೆ. ಯಾರು ಬಾಯಿ ಬಿಡುತ್ತಾರೆ ಹೇಳಿ?

ಅದಕ್ಕೇ ನಾನು ‘ಆಗತ್ತಾ?’ ಅಂತ ಕೇಳುವುದೇ ಇಲ್ಲ. ‘ತಡವಾದರೆ ಯಾವುದರಿಂದ ಆಗಬಹುದು?’ ಅನ್ನುತ್ತೇನೆ. ಹೊಸಬರನ್ನು ಮೊದಲು ಕೇಳುತ್ತೇನೆ, ಸೀನಿಯರ್‌ಗಳನ್ನು ಕೊನೆಗೆ. ಮೀಟಿಂಗ್‌ಗೆ ಮುಂಚೆ ಒಬ್ಬೊಬ್ಬರಿಗೇ ಫೋನ್ ಮಾಡುವುದೂ ಉಂಟು. ಜಪಾನಿನ ಕಂಪನಿಗಳಲ್ಲಿ ಇದು ನೆಮವಾಶಿ ಅನ್ನುವ ಹೆಸರಿನ ಪದ್ಧತಿಯೇ ಆಗಿದೆ.

ಡಚ್ಚರ ಜೊತೆ ಕಿರಿಕಿರಿ ಇಲ್ಲವಾ? ಜಾಸ್ತಿನೇ ಇದೆ. ಎಲ್ಲರೂ ಒಪ್ಪುವ ತನಕ ಮಾತು ನಿಲ್ಲುವುದಿಲ್ಲ. ನಾನೇ ತೀರ್ಮಾನ ಮಾಡಿ ಹೇಳಿದರೆ, ನಮ್ಮನ್ನು ಯಾಕೆ ಕೇಳಲಿಲ್ಲ ಅಂತ ಮತ್ತೊಂದು ಮೀಟಿಂಗ್. ಅಷ್ಟರಲ್ಲಿ ಬೆಂಗಳೂರಿನ ಹುಡುಗರು ಮ್ಯೂಟ್ ಮಾಡಿಕೊಂಡು ಅರ್ಧ ಕೋಡ್ ಬರೆದು ಮುಗಿಸಿರುತ್ತಾರೆ.