ಎರಡು ರೆಕ್ಕೆ, ನಡುವೆ ಮೂರು ಅಕ್ಷರ

ಶನಿವಾರ ಲಂಡನ್‌ನ ಪೋರ್ಟೊಬೆಲ್ಲೊ ರಸ್ತೆಯ ಸಂತೆಯಲ್ಲಿ ಒಂದು ಪುಟ್ಟ ಬ್ರೋಚ್ ಕೈಗೆ ಬಂತು. ಎರಡು ರೆಕ್ಕೆ, ನಡುವೆ ಆರ್‌ಎಫ್‌ಸಿ ಅನ್ನೋ ಅಕ್ಷರ, ಮೇಲೊಂದು ಕಿರೀಟ. ರೆಕ್ಕೆ ತುಂಬ ಸಾಸಿವೆ ಕಾಳಿನಷ್ಟು ವಜ್ರಗಳು. ಇದಕ್ಕೆ ಸ್ವೀಟ್‌ಹಾರ್ಟ್ ಬ್ಯಾಡ್ಜ್ ಅನ್ನುತ್ತಾರೆ. ಮೊದಲ ಮಹಾಯುದ್ಧಕ್ಕೆ ಹೊರಟ ಬ್ರಿಟಿಷ್ ಸೈನಿಕರು ತಮ್ಮ ಪಡೆಯ ಲಾಂಛನದ ಇಂಥ ಒಡವೆಯನ್ನು ಹೆಂಡತಿಗೋ, ಪ್ರೇಯಸಿಗೋ, ಅಮ್ಮನಿಗೋ ಕೊಟ್ಟು ಹೋಗುತ್ತಿದ್ದರು. ಹಿತ್ತಾಳೆಯದು, ಬೆಳ್ಳಿಯದು, ಮುತ್ತಿನ ಚಿಪ್ಪಿನದು ಬೇಕಾದಷ್ಟು ಸಿಗುತ್ತವೆ. ವಜ್ರದ್ದು ಅಪರೂಪ.

ಆರ್‌ಎಫ್‌ಸಿ ಅಂದರೆ ರಾಯಲ್ ಫ್ಲೈಯಿಂಗ್ ಕೋರ್, ಬ್ರಿಟಿಷ್ ಸೇನೆಯ ವಿಮಾನ ದಳ. ಶುರುವಾಗಿದ್ದು 1912ರಲ್ಲಿ. 1918ರ ಏಪ್ರಿಲ್ 1ಕ್ಕೆ ಅದು ಬ್ರಿಟನ್ನಿನ ಹೊಸ ವಾಯುಪಡೆ ಆರ್‌ಎಎಫ್‌ನಲ್ಲಿ ಸೇರಿಹೋಯಿತು. ಆ ಮೂರು ಅಕ್ಷರವೇ ಕಾಲ ಹೇಳುತ್ತದೆ, ಅಲ್ವಾ? ಹಿಂಬದಿಯಲ್ಲಿ 15 ಕ್ಯಾರೆಟ್ ಚಿನ್ನದ ಮುದ್ರೆ ಇತ್ತು. ಬ್ರಿಟನ್‌ನಲ್ಲಿ ಆ ದರ್ಜೆಯ ಚಿನ್ನ 1932ಕ್ಕೆ ನಿಂತಿತು. ಎರಡೂ ಹೊಂದುತ್ತವೆ.

ಬೆಲೆ ಕಟ್ಟುವಾಗ ಜನ ಕಲ್ಲನ್ನೇ ಜಾಸ್ತಿ ನೋಡುತ್ತಾರೆ. ಇಷ್ಟು ಚಿಕ್ಕ ವಜ್ರಕ್ಕೆ ದೊಡ್ಡ ಬೆಲೆಯೇನಿಲ್ಲ. ಗಾಜಾದರೆ ಭೂತಗನ್ನಡಿಯಲ್ಲಿ ಅಂಚು ಸವೆದದ್ದು ಕಾಣುತ್ತದೆ, ಅಷ್ಟೇ. ನಾನು ಮೊದಲು ತಿರುಗಿಸಿ ಪಿನ್ ನೋಡುತ್ತೇನೆ. ಹೊಸ ಬೆಸುಗೆ ಕಂಡರೆ ಬೆಲೆ ಇಳಿಯಿತು ಅಂತಲೇ. ಹೆಸರು, ತಾರೀಖು ಕೆತ್ತಿದ್ದರೆ ಏರುತ್ತದೆ. ಹಳೇ ಡಬ್ಬಿಯೂ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಇದರಲ್ಲಿ ಹೆಸರಿರಲಿಲ್ಲ. ಪಿನ್ನು ಮಾತ್ರ ನಡುವಿನಲ್ಲಿ ಸ್ವಲ್ಪ ಬಾಗಿತ್ತು. ದಪ್ಪ ಕೋಟಿನ ಬಟ್ಟೆಗೆ ದಿನಾ ಚುಚ್ಚಿಕೊಂಡಿದ್ದಳೇನೋ. ಸುಮ್ನೆ ಅಂಗೈಯಲ್ಲಿ ಹಿಡಿದು ತುಂಬಾ ಹೊತ್ತು ನಿಂತಿದ್ದೆ.